ಪ್ರಾಸ್ಟೇಟ್ ಕ್ಯಾನ್ಸರ್: ಮೊದಲ ಪಿಎಸ್‌ಎ ಟೆಸ್ಟಿನಿಂದ ವರ್ಷಗಟ್ಟಲೆಯ ನಿಗಾದವರೆಗೆ

ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ಈಗೀಗ ಒಂದು ವಾಡಿಕೆ ಶುರುವಾಗಿದೆ. ಬೆಂಗಳೂರಿನಲ್ಲಿರುವ ಮಗನೋ ಮಗಳೋ ಆನ್‌ಲೈನಿನಲ್ಲಿ ‘ಫುಲ್ ಬಾಡಿ ಚೆಕಪ್’ ಬುಕ್ ಮಾಡುತ್ತಾರೆ. ಲ್ಯಾಬಿನ ಹುಡುಗ ಮನೆಗೇ ಬಂದು ಅಪ್ಪಯ್ಯನ ರಕ್ತ ತೆಗೆದುಕೊಂಡು ಹೋಗುತ್ತಾನೆ. ಮರುದಿನ ವಾಟ್ಸಾಪಿಗೆ ಬಂದ ಉದ್ದನೆಯ ರಿಪೋರ್ಟಿನಲ್ಲಿ ಎಲ್ಲೋ ಒಂದು ಕಡೆ ‘ಪಿಎಸ್‌ಎ 6.4’ ಎಂದು ದಪ್ಪ ಅಕ್ಷರದಲ್ಲಿರುತ್ತದೆ. ಯಾರೂ ಕೇಳಿರದ ಅಂಕಿ ಅದು, ಪ್ರಾಸ್ಟೇಟ್ ಗ್ರಂಥಿಗೆ ಸಂಬಂಧಿಸಿದ ರಕ್ತಪರೀಕ್ಷೆಯದ್ದು. ಅವತ್ತಿನಿಂದ ಮನೆಯವರಿಗೆ ನಿದ್ದೆ ಇಲ್ಲ.

ಇದರ ಉಲ್ಟಾ ಕೂಡ ನಮ್ಮಲ್ಲೇ ಉಂಟು. ವರ್ಷದಿಂದ ಸೊಂಟನೋವೆಂದು ಎಣ್ಣೆ ತಿಕ್ಕಿಸಿಕೊಂಡು, ತೋಟದ ಕೆಲಸವೇ ಕಾರಣ ಅಂದುಕೊಂಡು, ಕೊನೆಗೆ ಕಾಲಿನ ಶಕ್ತಿ ಹೋದಮೇಲೆ ಆಸ್ಪತ್ರೆಗೆ ಬಂದವರ ಪಿಎಸ್‌ಎ ನೂರು ದಾಟಿರುತ್ತದೆ, ಕಾಯಿಲೆ ಬೆನ್ನುಮೂಳೆಗೆ ಇಳಿದಿರುತ್ತದೆ.

ಒಬ್ಬರದ್ದು ಗಾಬರಿ, ಇನ್ನೊಬ್ಬರದ್ದು ಅಲಕ್ಷ್ಯ. ಈ ಬರಹ ಮುಖ್ಯವಾಗಿ ಮೊದಲಿನವರಿಗೆ. ಆರಂಭದ ಹಂತದ ಪ್ರಾಸ್ಟೇಟ್ ಕ್ಯಾನ್ಸರ್ ಸಾಮಾನ್ಯವಾಗಿ ನಿಧಾನದ್ದು, ಯೋಚಿಸಲು ಸಮಯ ಕೊಡುತ್ತದೆ. ಒಂದೊಂದು ಪರೀಕ್ಷೆಗೂ ಮೊದಲು ಡಾಕ್ಟರ ಹತ್ತಿರ ಒಂದೇ ಪ್ರಶ್ನೆ ಕೇಳಿ: ‘ಇದರ ಉತ್ತರ ಹೀಗೆ ಬಂದರೆ ಏನು ಮಾಡ್ತೀರಿ, ಹಾಗೆ ಬಂದರೆ ಏನು ಮಾಡ್ತೀರಿ?’ ಎರಡಕ್ಕೂ ಒಂದೇ ಉತ್ತರ ಬಂದರೆ ಆ ಪರೀಕ್ಷೆ ಬೇಡ.

ಮೊದಲು ಗ್ರಂಥಿಯ ವಿಷಯ

ಪ್ರಾಸ್ಟೇಟ್ ಇರುವುದು ಗಂಡಸರಿಗೆ ಮಾತ್ರ. ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು ಕೂತಿರುತ್ತದೆ. ಪ್ರಾಯದವರಲ್ಲಿ ಸಿಪ್ಪೆ ಸಹಿತದ ಅಡಿಕೆ ಕಾಯಿಯಷ್ಟು, 20–25 ಗ್ರಾಂ. ವಯಸ್ಸಾದಂತೆ ಹೆಚ್ಚಿನವರಲ್ಲಿ ನಾಳದ ಪಕ್ಕದ ಭಾಗ ಊದುತ್ತದೆ. ಧಾರೆ ಸಣ್ಣಗಾಗುವುದು, ರಾತ್ರಿ ನಾಲ್ಕು ಸಲ ಏಳುವುದು, ಮುಗಿಯಿತು ಅಂದುಕೊಂಡ ಮೇಲೂ ಹನಿ ಬೀಳುವುದು, ಇವೆಲ್ಲ ಬಹುಪಾಲು ಆ ಊತದ ಉಪದ್ರ. ಅದು ಕ್ಯಾನ್ಸರ್ ಅಲ್ಲ, ಮುಂದೆ ಕ್ಯಾನ್ಸರ್ ಆಗಿ ಬದಲಾಗುವುದೂ ಇಲ್ಲ.

ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಗ್ರಂಥಿಯ ಹಿಂಬದಿಯ ಹೊರ ಅಂಚಿನಲ್ಲಿ, ನಾಳದಿಂದ ದೂರ. ಹಾಗಾಗಿ ಶುರುವಿನಲ್ಲಿ ಒಂದಕ್ಕೆ ಹೋಗಲು ಏನೂ ತೊಂದರೆ ಕೊಡುವುದಿಲ್ಲ, ನೋವೂ ಇಲ್ಲ. ‘ನನಗೆ ಸಲೀಸಾಗಿ ಹೋಗ್ತದೆ, ನನಗ್ಯಾಕೆ ಟೆಸ್ಟು?’ ಎನ್ನುವ ವಾದ ಇಲ್ಲಿ ನಿಲ್ಲುವುದಿಲ್ಲ. ‘ತೊಂದರೆ ಇದೆ, ಅಂದ್ರೆ ಕ್ಯಾನ್ಸರ್ರೇ’ ಎನ್ನುವುದೂ ಅಷ್ಟೇ ತಪ್ಪು.

ಹೆಜ್ಜೆ 1: ಟೆಸ್ಟು ಬೇಕೋ ಬೇಡವೋ ತೀರ್ಮಾನಿಸಿ

ಸರಕಾರದ ಆರೋಗ್ಯ ಕೇಂದ್ರಗಳಲ್ಲಿ 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕೋಶದ ಕಂಠದ ಕ್ಯಾನ್ಸರಿಗೆ ತಪಾಸಣೆ ಇದೆ. ಪ್ರಾಸ್ಟೇಟ್ ಆ ಪಟ್ಟಿಯಲ್ಲಿ ಇಲ್ಲ. ಇದು ಮರೆತು ಬಿಟ್ಟದ್ದಲ್ಲ. ಎಲ್ಲ ಗಂಡಸರಿಗೂ ಪಿಎಸ್‌ಎ ಮಾಡಿಸುವುದರ ಲಾಭ–ನಷ್ಟದ ಲೆಕ್ಕ ಅಷ್ಟು ಸುಲಭದ್ದಲ್ಲ.

ಯುರೋಪಿನ ಎಂಟು ದೇಶಗಳಲ್ಲಿ ನಡೆದ ದೊಡ್ಡ ಅಧ್ಯಯನದ 23 ವರ್ಷಗಳ ಫಲಿತಾಂಶ 2025ರಲ್ಲಿ ಬಂತು. ಪಿಎಸ್‌ಎ ತಪಾಸಣೆಗೆ ಕರೆದ ಗುಂಪಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಸಾವು ಶೇ. 13ರಷ್ಟು ಕಡಿಮೆ. ಕೇಳಲು ಚೆನ್ನಾಗಿದೆ. ಆದರೆ ಒಂದು ಸಾವು ತಪ್ಪಿಸಲು 456 ಜನರನ್ನು ತಪಾಸಣೆಗೆ ಕರೆಯಬೇಕಾಯಿತು, ತಪಾಸಣೆ ಇಲ್ಲದಿದ್ದರೆ ಗೊತ್ತೇ ಆಗದಿದ್ದ ಕ್ಯಾನ್ಸರನ್ನು ಹೆಚ್ಚುವರಿಯಾಗಿ 12 ಜನರಲ್ಲಿ ಪತ್ತೆ ಮಾಡಬೇಕಾಯಿತು. ಆ 12 ಜನರಲ್ಲಿ ಹಲವರು ಆ ಕಾಯಿಲೆ ಇದೆಯೆಂದು ತಿಳಿಯದೆಯೇ, ಬೇರಾವುದೋ ಕಾರಣಕ್ಕೆ, ಪೂರ್ಣ ವಯಸ್ಸಿನಲ್ಲಿ ತೀರಿಹೋಗುತ್ತಿದ್ದವರು.

ನಾನು ಪಾಲಿಸುವ ಲೆಕ್ಕ ಹೀಗಿದೆ. ಅಪ್ಪ, ಅಣ್ಣತಮ್ಮಂದಿರಲ್ಲಿ ಯಾರಿಗಾದರೂ ಈ ಕ್ಯಾನ್ಸರ್ ಬಂದಿದ್ದರೆ 45ಕ್ಕೆ ಮಾತುಕತೆ ಶುರು ಮಾಡಿ. ಮನೆತನದಲ್ಲಿ ಬಿಆರ್‌ಸಿಎ2 ಎಂಬ, ಕ್ಯಾನ್ಸರಿನ ಅಪಾಯ ಹೆಚ್ಚಿಸುವ ವಂಶವಾಹಿ ದೋಷ ಗೊತ್ತಾಗಿದ್ದರೆ 40ಕ್ಕೇ. ಹಾಗೇನೂ ಇಲ್ಲದವರು 50–55ರ ಹೊತ್ತಿಗೆ ಡಾಕ್ಟರ ಬಳಿ ಕೂತು ತೀರ್ಮಾನಿಸಬಹುದು. 70 ದಾಟಿ, ಲಕ್ಷಣವಿಲ್ಲದೆ ಆರಾಮಾಗಿರುವವರಿಗೆ ಸುಮ್ಮನೆ ಮಾಡಿಸುವ ಪಿಎಸ್‌ಎ ಬೇಡ ಎಂದೇ ಅಮೆರಿಕದ ತಜ್ಞರ ಸಮಿತಿ 2018ರಲ್ಲಿ ಹೇಳಿದೆ. 78ರ ಅಜ್ಜನಿಗೆ ‘ಪ್ಯಾಕೇಜಿನಲ್ಲಿ ಇತ್ತು’ ಅಂತ ಪಿಎಸ್‌ಎ ಮಾಡಿಸುವುದು ನನಗಂತೂ ಸರಿ ಕಾಣುವುದಿಲ್ಲ. ಮಕ್ಕಳೇ, ಬುಕ್ ಮಾಡುವ ಮುಂಚೆ ಪ್ಯಾಕೇಜಿನ ಪಟ್ಟಿ ಓದಿ.

ಮೂತ್ರದಲ್ಲಿ ರಕ್ತ, ಬಿಡದ ಮೂಳೆನೋವು, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದರೆ ಅದು ತಪಾಸಣೆಯ ಮಾತಲ್ಲ, ವಯಸ್ಸು ಎಷ್ಟೇ ಇರಲಿ ತೋರಿಸಲೇಬೇಕು. ಬೆನ್ನುನೋವಿನ ಜೊತೆ ಕಾಲಿನ ಬಲ ಕಡಿಮೆಯಾದರೆ ಅವತ್ತೇ ದೊಡ್ಡ ಆಸ್ಪತ್ರೆ ಸೇರಬೇಕು.

ಹೆಜ್ಜೆ 2: ರಕ್ತ ಕೊಡುವ ಮೊದಲು

ಪಿಎಸ್‌ಎ ಎಂದರೆ ಪ್ರಾಸ್ಟೇಟ್ ತಯಾರಿಸುವ ಒಂದು ಪ್ರೋಟೀನು. ಕ್ಯಾನ್ಸರ್ ಇದ್ದರೂ ಏರುತ್ತದೆ, ಊತ ಇದ್ದರೂ ಏರುತ್ತದೆ, ಸೋಂಕಾದರೂ ಏರುತ್ತದೆ. ಖಾಲಿ ಹೊಟ್ಟೆ ಬೇಕಿಲ್ಲ, ಬೆಳಗಿನ ಕಾಫಿ ಕುಡಿದೇ ಹೋಗಿ. ಆದರೆ ಎರಡು ದಿನ ಮುಂಚಿನಿಂದ ಲೈಂಗಿಕ ಸಂಪರ್ಕ, ವೀರ್ಯ ಸ್ಖಲನ ಬೇಡ. ಉರಿಮೂತ್ರ ಆಗಿದ್ದರೆ ವಾಸಿಯಾಗಿ ಆರು ವಾರ ಬಿಡಿ. ಮೂತ್ರ ಕಟ್ಟಿ ಟ್ಯೂಬ್ ಹಾಕಿದ್ದಾಗ ಅದೇ ಕೈಲಿ ಪಿಎಸ್‌ಎಗೂ ಬರೆದುಕೊಡುವುದುಂಟು. ಆಗ ಬರುವ ಅಂಕಿಯಿಂದ ಗಾಬರಿಯ ಹೊರತು ಬೇರೆ ಏನೂ ಸಿಗುವುದಿಲ್ಲ.

ಮಾತ್ರೆಗಳ ವಿಷಯ ಬಹಳ ಮುಖ್ಯ, ಇಲ್ಲೇ ಹೆಚ್ಚು ಎಡವುವುದು. ಪ್ರಾಸ್ಟೇಟ್ ಊತಕ್ಕೆ ತೆಗೆದುಕೊಳ್ಳುವ ಮಾತ್ರೆಯ ಸ್ಟ್ರಿಪ್ ತಿರುಗಿಸಿ ಸಣ್ಣ ಅಕ್ಷರ ಓದಿ. ಅದರಲ್ಲಿ ಡ್ಯುಟಾಸ್ಟರೈಡ್ ಅಥವಾ ಫಿನಾಸ್ಟರೈಡ್ ಇದ್ದರೆ, ಆರು ತಿಂಗಳು–ವರ್ಷದಲ್ಲಿ ಅದು ಪಿಎಸ್‌ಎಯನ್ನು ಅರ್ಧಕ್ಕೆ ಇಳಿಸುತ್ತದೆ. ರಿಪೋರ್ಟಿನಲ್ಲಿ 3.2 ಎಂದಿದ್ದರೆ ನಿಜದಲ್ಲಿ 6.4 ಎಂದೇ ತಿಳಿಯಬೇಕು. ಟ್ಯಾಮ್ಸುಲೋಸಿನ್ ಒಂದೇ ಇರುವ ಮಾತ್ರೆಗೆ ಈ ತಕರಾರಿಲ್ಲ. ಎರಡೂ ಸೇರಿದ ಮಾತ್ರೆಗಳ ಹೆಸರು ಒಂದೇ ಅಕ್ಷರದಲ್ಲಿ ಬದಲಾಗುತ್ತದೆ, ಯುರಿಮ್ಯಾಕ್ಸ್ ಬೇರೆ, ಯುರಿಮ್ಯಾಕ್ಸ್-ಡಿ ಬೇರೆ. ಕೂದಲು ಉದುರದಿರಲಿ ಎಂದು ಫಿನಾಸ್ಟರೈಡ್ ತೆಗೆದುಕೊಳ್ಳುವವರಿಗೂ ಇದೇ ಲೆಕ್ಕ.

ನಮ್ಮ ಜಿಲ್ಲೆಯಲ್ಲೇ ಕ್ಯಾನ್ಸರಿಗೆ ನಾಟಿ ಔಷಧಿ ಕೊಡುವ ಕಡೆ ದೂರದೂರದಿಂದ ಜನ ಬಂದು ಸಾಲು ನಿಂತದ್ದನ್ನು ಕಂಡವರು ನಾವು. ಚಕ್ಕೆ, ಬೇರಿನ ಕಷಾಯ ಏನಾದರೂ ಕುಡಿಯುತ್ತಿದ್ದರೆ ಡಾಕ್ಟರ ಹತ್ತಿರ ಮುಚ್ಚಿಡಬೇಡಿ. ಹಾರ್ಮೋನಿನ ಗುಣವಿರುವ ಕೆಲವು ವಸ್ತುಗಳು ಪಿಎಸ್‌ಎ ಇಳಿಸಬಲ್ಲವು, ಗಂಟು ಹಾಗೇ ಉಳಿದಿರಬಹುದು.

ಹೆಜ್ಜೆ 3: ಅಂಕಿ ಓದುವುದು, ಮತ್ತೊಮ್ಮೆ ಮಾಡಿಸುವುದು

ರಿಪೋರ್ಟಿನಲ್ಲಿ ‘0–4 ನಾರ್ಮಲ್’ ಎಂದು ಅಚ್ಚು ಹಾಕಿರುತ್ತಾರೆ. ಆ 4 ಎನ್ನುವುದು ಗೋಡೆಯಲ್ಲ. ವಯಸ್ಸಿನ ಪ್ರಕಾರ ನೋಡುವ ರೂಢಿಯೂ ಇದೆ: 40ರ ದಶಕದವರಿಗೆ 2.5, 50ರವರಿಗೆ 3.5, 60ರವರಿಗೆ 4.5, 70ರವರಿಗೆ 6.5ರ ತನಕ. ಅಮೆರಿಕದ ಒಂದು ಅಧ್ಯಯನದಲ್ಲಿ ಪಿಎಸ್‌ಎ 4 ಅಥವಾ ಅದಕ್ಕಿಂತ ಕಡಿಮೆ ಇದ್ದವರಿಗೂ ಬಯಾಪ್ಸಿ (ಸೂಜಿಯಿಂದ ಗ್ರಂಥಿಯ ತುಣುಕು ತೆಗೆದು ನೋಡುವುದು) ಮಾಡಿದಾಗ ಶೇ. 15 ಜನರಲ್ಲಿ ಕ್ಯಾನ್ಸರ್ ಕಂಡಿತು. ಅತ್ತ 4ರಿಂದ 10ರ ನಡುವೆ ಇದ್ದವರಲ್ಲಿ, ಪಶ್ಚಿಮದ ಲೆಕ್ಕದಲ್ಲೇ, ಸುಮಾರು ನಾಲ್ಕರಲ್ಲಿ ಮೂವರಿಗೆ ಕ್ಯಾನ್ಸರ್ ಸಿಗುವುದಿಲ್ಲ.

ಮೊದಲ ಸಲ ಹೆಚ್ಚು ಬಂದರೆ ಮಾಡಬೇಕಾದ್ದು ಒಂದೇ. ನಾಲ್ಕರಿಂದ ಆರು ವಾರ ಬಿಟ್ಟು, ಅದೇ ಲ್ಯಾಬಿನಲ್ಲಿ, ಮೂತ್ರ ಪರೀಕ್ಷೆಯ ಜೊತೆ ಇನ್ನೊಮ್ಮೆ ಮಾಡಿಸುವುದು. ಬೇರೆ ಬೇರೆ ಲ್ಯಾಬಿನ ಯಂತ್ರಗಳು ಬೇರೆ ಬೇರೆ ಅಂಕಿ ಕೊಡುತ್ತವೆ. ಸಾಗರದಲ್ಲಿ ಒಂದು, ಶಿವಮೊಗ್ಗದಲ್ಲಿ ಇನ್ನೊಂದು ಮಾಡಿಸಿ ‘ಏರಿತು’, ‘ಇಳಿಯಿತು’ ಎನ್ನುವುದರಲ್ಲಿ ಅರ್ಥವಿಲ್ಲ. ಎರಡನೇ ಸಲ ತಾನಾಗಿಯೇ ಕೆಳಗೆ ಬರುವವರು ಬೇಕಾದಷ್ಟು ಜನ.

ಇನ್ನೊಂದು ಕೆಟ್ಟ ರೂಢಿ ಇದೆ. ಉರಿಯಿಲ್ಲ, ಜ್ವರವಿಲ್ಲ, ಮೂತ್ರದಲ್ಲಿ ಸೋಂಕಿಲ್ಲ, ಆದರೂ ‘ಪಿಎಸ್‌ಎ ಇಳೀತದೆ ನೋಡುವ’ ಎಂದು ಎರಡು–ಮೂರು ವಾರ ಆ್ಯಂಟಿಬಯೋಟಿಕ್ ಕೊಡುವುದು. ಇದನ್ನು ಒಪ್ಪಬೇಡಿ. ಅಂಕಿ ಇಳಿದರೂ ಅದರಿಂದ ಕ್ಯಾನ್ಸರ್ ಇಲ್ಲವೆಂದು ಹೇಳಲಾಗದು, ಮುಂದೆ ಬಯಾಪ್ಸಿ ಹೊತ್ತಿಗೆ ಆ ಔಷಧಿಗೇ ಬಗ್ಗದ ರೋಗಾಣು ಕರುಳಿನಲ್ಲಿ ಬೆಳೆದಿರಬಹುದು.

4–10ರ ನಡುವೆ ಇದ್ದಾಗ ‘ಫ್ರೀ ಪಿಎಸ್‌ಎ’ ಎಂಬ ಇನ್ನೊಂದು ಟೆಸ್ಟು ಸ್ವಲ್ಪ ಸಹಾಯ ಮಾಡುತ್ತದೆ. ಒಟ್ಟಿನಲ್ಲಿ ಫ್ರೀ ಭಾಗ ಶೇ. 25ಕ್ಕಿಂತ ಹೆಚ್ಚಿದ್ದರೆ ಸಮಾಧಾನ, 10ಕ್ಕಿಂತ ಕಡಿಮೆ ಇದ್ದರೆ ಅನುಮಾನ. ನಡುವೆ ಬಂದರೆ ಏನೂ ಹೇಳಿದಂತಾಗಲಿಲ್ಲ.

ಪಿಎಸ್‌ಎ 1ಕ್ಕಿಂತ ಕಡಿಮೆ ಬಂದವರು 2ರಿಂದ 4 ವರ್ಷ ಇದರ ಗೊಡವೆಗೇ ಹೋಗಬೇಕಿಲ್ಲ. 1ರಿಂದ 3ರ ಒಳಗೆ ಇದ್ದರೆ ವರ್ಷ–ಎರಡು ವರ್ಷಕ್ಕೊಮ್ಮೆ ಸಾಕು.

ಹೆಜ್ಜೆ 4: ಬೆರಳಿನ ಪರೀಕ್ಷೆ

ಗುದದ್ವಾರದ ಮೂಲಕ ಬೆರಳು ಹಾಕಿ ಗ್ರಂಥಿಯ ಹಿಂಬದಿ ಮುಟ್ಟಿ ನೋಡುವ ಪರೀಕ್ಷೆ. ಇದಕ್ಕೆ ನಮ್ಮ ಹಿರಿಯರು ಒಗ್ಗುವುದು ಕಷ್ಟ.

‘ಅದೆಲ್ಲ ಬೇಡ ಡಾಕ್ಟ್ರೇ, ರಕ್ತ ಬೇಕಾದ್ರೆ ಇನ್ನೊಂದು ಸಲ ತಗಳಿ.’

‘ಅರ್ಧ ನಿಮಿಷ ಯಜಮಾನ್ರೇ. ಮಗನ್ನ ಹೊರಗೆ ಕಳಿಸ್ತೀನಿ, ಆಯ್ತಾ?’

ಆ ಎರಡನೇ ಮಾತು ಕೆಲಸ ಮಾಡುತ್ತದೆ. ಜೊತೆಗೆ ಹೋದವರು ಹೇಳಿಸಿಕೊಳ್ಳದೆ ಹೊರಗೆ ಬರುವುದು ಒಳ್ಳೆಯದು. ಮೆತ್ತಗೆ, ನುಣುಪಾಗಿ, ಎರಡೂ ಬದಿ ಸಮ ಇದ್ದರೆ ಸರಿ. ಗಟ್ಟಿ ಗಂಟು, ಒರಟು ಅಂಚು ಸಿಕ್ಕಿದರೆ ಪಿಎಸ್‌ಎ ಕಡಿಮೆ ಇದ್ದರೂ ಮುಂದಿನ ಹೆಜ್ಜೆ ಇಡಲೇಬೇಕು. ರಕ್ತ ಕೊಡುವುದಿದ್ದರೆ ಈ ಪರೀಕ್ಷೆಗಿಂತ ಮುಂಚೆ ಕೊಡಿ.

ಹೆಜ್ಜೆ 5: ಬಯಾಪ್ಸಿಗೆ ಮೊದಲು ಎಂಆರ್‌ಐ

ಹತ್ತು ವರ್ಷದ ಹಿಂದೆ ಪಿಎಸ್‌ಎ ಹೆಚ್ಚಿದ್ದರೆ ನೇರ ಬಯಾಪ್ಸಿ. 2017–18ರಲ್ಲಿ ಬಂದ ಎರಡು ದೊಡ್ಡ ಅಧ್ಯಯನಗಳ ನಂತರ ಕ್ರಮ ಬದಲಾಯಿತು. ಈಗ ಮೊದಲು ಪ್ರಾಸ್ಟೇಟಿನ ಮಲ್ಟಿಪ್ಯಾರಾಮೆಟ್ರಿಕ್ ಎಂಆರ್‌ಐ, ಆಮೇಲೆ ಬೇಕಾದರೆ ಮಾತ್ರ ಸೂಜಿ. ಬಯಾಪ್ಸಿ ಮಾಡಿದ ಮೇಲೆ ಎಂಆರ್‌ಐ ಮಾಡಿಸಿದರೆ ಒಳಗಿನ ರಕ್ತದ ಕಲೆಯೇ ಗಂಟಿನಂತೆ ಕಂಡು ಗೊಂದಲವಾಗುತ್ತದೆ, ಆರೆಂಟು ವಾರ ಕಾಯಬೇಕಾಗುತ್ತದೆ. ಹಾಗಾಗಿ ಯಾರಾದರೂ ‘ಬಯಾಪ್ಸಿ ಮಾಡಿಬಿಡುವ, ಎಂಆರ್‌ಐ ಆಮೇಲೆ ನೋಡುವ’ ಎಂದರೆ ಕಾರಣ ಕೇಳಿ. ಪಿಎಸ್‌ಎ ತೀರಾ ಹೆಚ್ಚಿದ್ದು, ಬೆರಳಿಗೇ ಗಂಟು ಸಿಕ್ಕಿದ್ದರೆ ಹಾಗೆ ಹೇಳಲು ಕಾರಣ ಇರಬಹುದು.

ಬುಕ್ ಮಾಡುವಾಗ ಬರೀ ‘ಹೊಟ್ಟೆಯ ಎಂಆರ್‌ಐ’ ಅನ್ನಬೇಡಿ, ಪ್ರಾಸ್ಟೇಟಿನದ್ದು ಎಂದು ಸ್ಪಷ್ಟವಾಗಿ ಹೇಳಿ. ಕಿಡ್ನಿಯ ರಕ್ತಪರೀಕ್ಷೆಯಾದ ಕ್ರಿಯಾಟಿನಿನ್ ರಿಪೋರ್ಟು ಕೇಳುತ್ತಾರೆ. ಪೇಸ್‌ಮೇಕರ್ ಇದ್ದರೆ ಮೊದಲೇ ತಿಳಿಸಿ. ಹೊರಡುವಾಗ ಫಿಲ್ಮಿನ ಜೊತೆ ಸಿಡಿ ಕೇಳಿ ಪಡೆಯಿರಿ. ಮಣಿಪಾಲದಲ್ಲೋ ಬೆಂಗಳೂರಿನಲ್ಲೋ ಎರಡನೇ ಅಭಿಪ್ರಾಯ ಕೇಳುವಾಗ ಅಲ್ಲಿನವರಿಗೆ ಫಿಲ್ಮಿನಿಂದ ಏನೂ ಆಗುವುದಿಲ್ಲ, ಸಿಡಿಯೇ ಬೇಕು.

ರಿಪೋರ್ಟಿನಲ್ಲಿ ಎರಡು ಸಂಗತಿ ನೋಡಬೇಕು. ಒಂದು, ಪಿರ್ಯಾಡ್ಸ್ ಅಂಕ, 1ರಿಂದ 5. 1–2 ಬಂದರೆ ಗಂಭೀರ ಕ್ಯಾನ್ಸರಿನ ಸಾಧ್ಯತೆ ಕಡಿಮೆ. 4–5 ಬಂದರೆ ಬಯಾಪ್ಸಿ. 3 ಎಂದರೆ ರೇಡಿಯಾಲಜಿಸ್ಟಿಗೇ ಖಚಿತವಿಲ್ಲ ಎಂದರ್ಥ.

ಎರಡನೆಯದು ಗ್ರಂಥಿಯ ಗಾತ್ರ. ಇದನ್ನು ಯಾರೂ ಓದುವುದಿಲ್ಲ, ನನ್ನ ಪ್ರಕಾರ ಅರ್ಧ ತೀರ್ಮಾನ ಇದರಲ್ಲೇ ಇದೆ. ರಿಪೋರ್ಟಿನಲ್ಲಿ 5.0 × 4.2 × 4.0 ಸೆಂ.ಮೀ. ಎಂದಿದೆ ಅಂತಿಟ್ಟುಕೊಳ್ಳಿ. ಮೂರನ್ನೂ ಗುಣಿಸಿ 0.52ರಿಂದ ಗುಣಿಸಿದರೆ ಸುಮಾರು 44 ಮಿ.ಲೀ. ನಮ್ಮ ಅಪ್ಪಯ್ಯನ ಪಿಎಸ್‌ಎ 6.4 ಅಲ್ಲವೇ? 6.4ನ್ನು 44ರಿಂದ ಭಾಗಿಸಿ, 0.145 ಬಂತು. ಇದಕ್ಕೆ ಪಿಎಸ್‌ಎ ಡೆನ್ಸಿಟಿ ಎನ್ನುತ್ತಾರೆ, ಗಡಿ 0.15. ಗಡಿಯ ಪಕ್ಕದಲ್ಲೇ ಇದ್ದಾರೆ, ಎಚ್ಚರ ಬೇಕು. ಅದೇ 6.4 ಇರುವ ಇನ್ನೊಬ್ಬರ ಗ್ರಂಥಿ 82 ಮಿ.ಲೀ. ಇದ್ದರೆ ಡೆನ್ಸಿಟಿ 0.08. ಗ್ರಂಥಿ ದೊಡ್ಡದು, ಅದಕ್ಕೆ ಪಿಎಸ್‌ಎಯೂ ಹೆಚ್ಚು, ಅಷ್ಟೇ. ಪಿರ್ಯಾಡ್ಸ್ 1–2 ಇದ್ದು, ಡೆನ್ಸಿಟಿ 0.15ಕ್ಕಿಂತ ಕಡಿಮೆ ಇದ್ದು, ಬೆರಳಿಗೆ ಏನೂ ಸಿಗದಿದ್ದರೆ, ವಂಶದಲ್ಲೂ ಇಲ್ಲದಿದ್ದರೆ, ಬಯಾಪ್ಸಿ ಮುಂದೂಡಿ ಪಿಎಸ್‌ಎ ಗಮನಿಸುತ್ತ ಹೋಗಬಹುದೇ ಎಂದು ಧೈರ್ಯವಾಗಿ ಕೇಳಿ.

ನಮ್ಮ ದೇಶದಲ್ಲಿ ನೆನಪಿಡಬೇಕಾದ ಇನ್ನೊಂದಿದೆ. ಕ್ಷಯ ಪ್ರಾಸ್ಟೇಟಿಗೂ ಬರುತ್ತದೆ. ಮೂತ್ರಕೋಶದ ಕ್ಯಾನ್ಸರಿಗೆ ಬಿಸಿಜಿ ಔಷಧಿ ಹಾಕಿಸಿಕೊಂಡವರಲ್ಲೂ ಅದೇ ಬಗೆಯ ಉರಿಯೂತ ಆಗುತ್ತದೆ. ಎಂಆರ್‌ಐಯಲ್ಲಿ ಎರಡೂ ಥೇಟ್ ಕ್ಯಾನ್ಸರಿನ ಹಾಗೇ ಕಾಣಬಹುದು. ಹಾಗಾಗಿ ಪಿರ್ಯಾಡ್ಸ್ 5 ಬಂದರೂ ಬಯಾಪ್ಸಿ ಆಗುವ ತನಕ ಯಾವ ಚಿಕಿತ್ಸೆಯನ್ನೂ ಶುರು ಮಾಡುವಂತಿಲ್ಲ.

ಹೆಜ್ಜೆ 6: ಬಯಾಪ್ಸಿ

ಎರಡು ದಾರಿ. ಗುದದ ಗೋಡೆಯ ಮೂಲಕ ಸೂಜಿ ಹಾಕುವುದು ಹಳೆಯದು. ವೃಷಣ ಮತ್ತು ಗುದದ ನಡುವಿನ ಚರ್ಮದ ಮೂಲಕ ಹಾಕುವುದು ಟ್ರಾನ್ಸ್‌ಪೆರಿನಿಯಲ್. ಎರಡನೆಯದರಲ್ಲಿ ಸೋಂಕು ತೀರಾ ಕಡಿಮೆ, ಏಕೆಂದರೆ ಸೂಜಿ ಮಲದ ದಾರಿ ಮುಟ್ಟುವುದೇ ಇಲ್ಲ. ಸಿಗುವುದಾದರೆ ಇದನ್ನೇ ಆರಿಸಿಕೊಳ್ಳಿ. ಹಳೆಯ ದಾರಿಯೇ ಆದರೆ, ಗುದದ ಒಳಭಾಗವನ್ನು ಪೊವಿಡೋನ್-ಅಯೋಡಿನ್‌ನಿಂದ ತೊಳೆಯುತ್ತಾರೆಯೇ ಎಂದು ಕೇಳಿ. ಎಂಆರ್‌ಐಯಲ್ಲಿ ಕಂಡ ಜಾಗಕ್ಕೆ ಗುರಿಯಿಟ್ಟು ಕೆಲವು ತುಣುಕು, ಉಳಿದ ಕಡೆಯಿಂದ ಕ್ರಮವಾಗಿ ಕೆಲವು, ಹೀಗೆ ತೆಗೆಯುತ್ತಾರೆ.

ಇಕೋಸ್ಪ್ರಿನ್, ಕ್ಲೊಪಿಡೊಗ್ರೆಲ್ ತರಹದ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಹಿಂದಿನ ದಿನವೇ ನೆನಪಾಗಿ ತಾವಾಗಿಯೇ ನಿಲ್ಲಿಸಬೇಡಿ. ಹೃದಯಕ್ಕೆ ಸ್ಟೆಂಟ್ ಹಾಕಿದವರಿಗೆ ಅದು ಕ್ಯಾನ್ಸರಿಗಿಂತ ದೊಡ್ಡ ಅಪಾಯ. ದಿನ ಗೊತ್ತು ಮಾಡುವಾಗಲೇ ಎರಡೂ ಕಡೆಯ ಡಾಕ್ಟರು ಮಾತಾಡಿಕೊಳ್ಳಲಿ.

ಮೂತ್ರದಲ್ಲಿ ಕೆಲವು ದಿನ, ವೀರ್ಯದಲ್ಲಿ ಕೆಲವು ವಾರ ಕೆಂಪು ಕಂಡರೆ ಹೆದರಬೇಡಿ. ಹೆದರಬೇಕಾದ್ದು ಎರಡಕ್ಕೆ, ಚಳಿಜ್ವರ ಮತ್ತು ಮೂತ್ರ ಕಟ್ಟುವುದು. ಮಲೆನಾಡಿನಲ್ಲಿ ಜ್ವರಕ್ಕೆ ನೂರು ಹೆಸರು. ಡಿಸೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ, ಮಳೆ ಬಿದ್ದರೆ ಡೆಂಗಿ, ಇಲಿಜ್ವರ. ಬಯಾಪ್ಸಿಯಾದ ವಾರದೊಳಗೆ 100.4 ದಾಟಿ ಜ್ವರ ಬಂದರೆ ‘ಮಳೆಯಲ್ಲಿ ನೆಂದದ್ದಕ್ಕೆ’ ಎಂದು ಪ್ಯಾರಾಸಿಟಮಾಲ್ ನುಂಗಿ ಮಲಗಬೇಡಿ. ಅದು ರಕ್ತಕ್ಕೆ ಸೋಂಕು ಹತ್ತಿದ್ದಿರಬಹುದು, ಗಂಟೆಗಳ ಲೆಕ್ಕದಲ್ಲಿ ಕೆಡುತ್ತದೆ. ಊರ ಡಾಕ್ಟರ ಬಳಿ ಹೋದರೂ ಬಾಯಿಂದ ಬರುವ ಮೊದಲ ಮಾತೇ ‘ಬಯಾಪ್ಸಿ ಆಗಿದೆ’ ಎಂದಿರಬೇಕು.

ಅದಕ್ಕೇ ನನ್ನ ಸಲಹೆ, ಹೊಸನಗರದ ಒಳಭಾಗದವರು, ಆಗುಂಬೆ ಕಡೆಯವರು ಬಯಾಪ್ಸಿ ದಿನವೇ ಊರಿಗೆ ಮರಳಬೇಡಿ. ಒಂದೆರಡು ರಾತ್ರಿ ಶಿವಮೊಗ್ಗದಲ್ಲೇ ನೆಂಟರ ಮನೆಯಲ್ಲಿ ಉಳಿಯಿರಿ. ಆಷಾಢದಲ್ಲಿ ಕರೆಂಟಿಲ್ಲದೆ, ಫೋನು ಸಿಗ್ನಲ್ಲಿಲ್ಲದೆ, ದಾರಿಗೆ ಮರ ಬಿದ್ದಿರುವ ರಾತ್ರಿ ಜ್ವರ ಏರಿದರೆ ಯಾರೂ ಏನೂ ಮಾಡಲಾಗದು. ಮಳೆಗಾಲ ದಾಟಿಸಿ ಬಯಾಪ್ಸಿ ಇಟ್ಟುಕೊಳ್ಳಬಹುದೇ ಎಂದು ಕೇಳಿದರೂ ತಪ್ಪಿಲ್ಲ. ಪಿಎಸ್‌ಎ ಹತ್ತರೊಳಗಿರುವ ಹೆಚ್ಚಿನವರಿಗೆ ಕೆಲವು ವಾರದಲ್ಲಿ ಏನೂ ವ್ಯತ್ಯಾಸ ಆಗುವುದಿಲ್ಲ.

ಹೆಜ್ಜೆ 7: ಬಯಾಪ್ಸಿ ರಿಪೋರ್ಟು ಓದುವುದು

‘ಅಡಿನೊಕಾರ್ಸಿನೋಮ’ ಎಂಬ ಪದ ಕಂಡೊಡನೆ ಮನೆಯವರು ಮುಂದೆ ಓದುವುದನ್ನೇ ನಿಲ್ಲಿಸುತ್ತಾರೆ. ಮುಖ್ಯವಾದದ್ದು ಅದರ ಮುಂದಿನ ಸಾಲು.

ಉದಾಹರಣೆಗೆ: ‘12 ತುಣುಕುಗಳಲ್ಲಿ 2ರಲ್ಲಿ, ಗ್ಲೀಸನ್ 3+3=6, ಗ್ರೇಡ್ ಗುಂಪು 1, ತುಣುಕಿನ ಶೇ. 20 ಭಾಗ.’ ಗ್ಲೀಸನ್ ಎಂಬುದು 1960ರ ದಶಕದಲ್ಲಿ ಆ ಹೆಸರಿನ ಅಮೆರಿಕದ ಪೆಥಾಲಜಿಸ್ಟ್ ರೂಪಿಸಿದ ಅಳತೆ, ಸೂಕ್ಷ್ಮದರ್ಶಕದಲ್ಲಿ ಜೀವಕೋಶಗಳ ಜೋಡಣೆ ಎಷ್ಟು ಕೆಟ್ಟಿದೆ ಎನ್ನುವುದಕ್ಕೆ. 6 ಎಂದೊಡನೆ ‘ಹತ್ತರಲ್ಲಿ ಆರು, ಅರ್ಧಕ್ಕಿಂತ ಹೆಚ್ಚು’ ಎಂದು ಹೆದರುವವರು ಬಹಳ. ಈಗಿನ ಪದ್ಧತಿಯಲ್ಲಿ 6 ಎನ್ನುವುದೇ ಕೆಳಗಿನ ಮೆಟ್ಟಿಲು. ಈ ಗೊಂದಲ ತಪ್ಪಿಸಲೆಂದೇ 2014ರಿಂದ ಗ್ರೇಡ್ ಗುಂಪು ಬಂತು: 3+3 ಗುಂಪು 1, 3+4 ಗುಂಪು 2, 4+3 ಗುಂಪು 3, ಮೊತ್ತ 8 ಆದರೆ ಗುಂಪು 4, 9–10 ಆದರೆ ಗುಂಪು 5. ಗಮನಿಸಿ, 3+4 ಮತ್ತು 4+3 ಎರಡರ ಮೊತ್ತವೂ 7, ಆದರೆ ಎರಡೂ ಒಂದೇ ಅಲ್ಲ. ಮೊದಲ ಅಂಕಿ ಯಾವ ಜಾತಿಯ ಕೋಶ ಹೆಚ್ಚಿದೆ ಎಂದು ಹೇಳುತ್ತದೆ.

ಗುಂಪು 1, ಪಿಎಸ್‌ಎ 10ಕ್ಕಿಂತ ಕಡಿಮೆ, ಬೆರಳಿಗೆ ಸಿಗದ ಅಥವಾ ಒಂದು ಬದಿಯಲ್ಲಿ ಸ್ವಲ್ಪ ಮಾತ್ರ ಸಿಗುವ ಗಂಟು, ಇದು ಕಡಿಮೆ ಅಪಾಯದ ವರ್ಗ. ಪಿಎಸ್‌ಎ 10–20 ಅಥವಾ ಗುಂಪು 2–3 ಮಧ್ಯಮ. ಪಿಎಸ್‌ಎ 20 ದಾಟಿದರೆ, ಗುಂಪು 4–5 ಆದರೆ ಹೆಚ್ಚಿನ ಅಪಾಯ, ಅಲ್ಲಿ ತಡ ಮಾಡುವಂತಿಲ್ಲ.

ಗ್ರೇಡ್ ನಿರ್ಧಾರದಲ್ಲಿ ಇಬ್ಬರು ಪೆಥಾಲಜಿಸ್ಟರಿಗೆ ಭಿನ್ನಾಭಿಪ್ರಾಯ ಬರುವುದು ಅಪರೂಪವಲ್ಲ. ಆಪರೇಷನ್ನಿಗೆ ಹೂಂ ಅನ್ನುವ ಮೊದಲು ಸ್ಲೈಡ್ ಮತ್ತು ಪ್ಯಾರಾಫಿನ್ ಬ್ಲಾಕ್ (ತುಣುಕನ್ನು ಹುದುಗಿಸಿಟ್ಟ ಮೇಣದ ಗಟ್ಟಿ) ಬರೆದುಕೊಟ್ಟು ಪಡೆದು ಕ್ಯಾನ್ಸರ್ ಆಸ್ಪತ್ರೆಯೊಂದರ ಪೆಥಾಲಜಿಸ್ಟರಿಗೆ ತೋರಿಸಿ. ರೋಗಿ ಹೋಗಬೇಕೆಂದಿಲ್ಲ, ಡಬ್ಬಿ ಹಿಡಿದುಕೊಂಡು ಒಬ್ಬರು ಹೋದರೆ ಸಾಕು.

ಮೂಳೆ ಸ್ಕ್ಯಾನ್, ಪಿಎಸ್‌ಎಂಎ ಪೆಟ್ ಸ್ಕ್ಯಾನ್ ಹೆಚ್ಚಿನ ಅಪಾಯದವರಿಗೆ, ಮಧ್ಯಮದಲ್ಲಿ ಕೆಲವರಿಗೆ. ಕಡಿಮೆ ಅಪಾಯದ ವರ್ಗಕ್ಕೆ ‘ಎಲ್ಲಾದ್ರೂ ಹರಡಿದೆಯಾ ನೋಡಿಬಿಡುವ’ ಎನ್ನುವ ಸ್ಕ್ಯಾನು ದಂಡ. ಹಳೆಯ ಪೆಟ್ಟಿನ ಗುರುತನ್ನೆಲ್ಲ ತೋರಿಸಿ ಇನ್ನಷ್ಟು ಸ್ಕ್ಯಾನಿಗೆ ಎಳೆಯುತ್ತದೆ.

ಹೆಜ್ಜೆ 8: ಚಿಕಿತ್ಸೆಯೋ, ನಿಗಾವೋ

ಕ್ಯಾನ್ಸರ್ ಅಂತ ಗೊತ್ತಾದ ಮೇಲೂ ಆಪರೇಷನ್ ಮಾಡದೆ ಕಾಯುವುದೇ? ನಮ್ಮ ಜನಕ್ಕೆ ಇದು ನಂಬಲಾಗದ ಮಾತು. ‘ಡಾಕ್ಟ್ರು ಕೈಬಿಟ್ರಾ?’ ಎಂದೇ ಕೇಳುತ್ತಾರೆ.

ಬ್ರಿಟನ್ನಿನಲ್ಲಿ ಆರಂಭದ ಹಂತದ 1,643 ಜನರನ್ನು ಆಪರೇಷನ್, ರೇಡಿಯೇಷನ್, ನಿಗಾ ಎಂಬ ಮೂರು ಗುಂಪು ಮಾಡಿ 15 ವರ್ಷ ನೋಡಿದರು. 2023ರಲ್ಲಿ ಬಂದ ಫಲಿತಾಂಶದಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನಿಂದಲೇ ಸತ್ತವರು ಒಟ್ಟು ಶೇ. 2.7, ಮೂರೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ. ಇನ್ನೊಂದು ಮುಖವನ್ನೂ ಹೇಳಬೇಕು: ನಿಗಾದ ಗುಂಪಿನಲ್ಲಿ ಶೇ. 9.4 ಜನರಿಗೆ ಕಾಯಿಲೆ ಹರಡಿತು, ಚಿಕಿತ್ಸೆ ಆದವರಲ್ಲಿ ಶೇ. 5ರ ಆಸುಪಾಸು. ನಿಗಾದಲ್ಲಿದ್ದವರಲ್ಲಿ ಶೇ. 61 ಜನ ಕ್ರಮೇಣ ಆಪರೇಷನ್ನಿಗೋ ರೇಡಿಯೇಷನ್ನಿಗೋ ಬಂದರು. ಉಳಿದವರಿಗೆ ಆ ಚಿಕಿತ್ಸೆಗಳಿಂದ ಬರುವ ಮೂತ್ರ ಸೋರಿಕೆ, ಲೈಂಗಿಕ ತೊಂದರೆ ತಪ್ಪಿತು. ಆ ಅಧ್ಯಯನದ ನಿಗಾ ಮುಖ್ಯವಾಗಿ ಪಿಎಸ್‌ಎ ನಂಬಿದ್ದು. ಈಗಿನ ನಿಗಾದಲ್ಲಿ ಎಂಆರ್‌ಐ, ಮರುಬಯಾಪ್ಸಿ ಎರಡೂ ಇವೆ.

ಕಡಿಮೆ ಅಪಾಯದವರಿಗೆ ನಿಗಾವೇ ಮೊದಲ ಆಯ್ಕೆ ಎಂಬುದು ಈಗ ಬಹುತೇಕ ಎಲ್ಲ ತಜ್ಞರ ಒಮ್ಮತ. 3+4 ಇದ್ದರೂ ತುಂಬ ಕಡಿಮೆ ಪ್ರಮಾಣದಲ್ಲಿದ್ದರೆ ಕೆಲವರು ಒಪ್ಪುತ್ತಾರೆ. ಒಂದು ಷರತ್ತು, ರೋಗಿ ಕರೆದಾಗ ಬರಬೇಕು. ಮಲೆನಾಡಿನಲ್ಲಿ ತಪ್ಪುವುದು ಇಲ್ಲೇ. ಟೆಸ್ಟು ಸಿಗದೆ ಅಲ್ಲ, ಕೊಯ್ಲಿನ ನೆಪ, ಮದುವೆಯ ನೆಪ, ‘ಈಗೇನೂ ಇಲ್ವಲ್ಲ’ ಎಂಬ ನೆಪ.

ಪಿಎಸ್‌ಎ ಆರು ತಿಂಗಳಿಗೊಮ್ಮೆ ಬೇಕು. ದಿನಾಂಕ ನೆನಪಿಡಲು ಹೋಗಬೇಡಿ. ಶಿವರಾತ್ರಿಗೊಂದು, ಚೌತಿಗೊಂದು ಎಂದು ಇಟ್ಟುಕೊಳ್ಳಿ, ನಡುವೆ ಹೆಚ್ಚುಕಡಿಮೆ ಆರು ತಿಂಗಳೇ ಬರುತ್ತದೆ. ಶಿವರಾತ್ರಿ ಹೊತ್ತಿಗೆ ಅಡಿಕೆ ಕೊಯ್ಲು, ಸುಲಿತ ಬಹುಮಟ್ಟಿಗೆ ಮುಗಿದು ಕೈಯಲ್ಲಿ ದುಡ್ಡೂ ಪುರುಸೊತ್ತೂ ಇರುತ್ತದೆ. ಚೌತಿಗೆ ಮಕ್ಕಳು ಊರಿಗೆ ಬಂದಿರುತ್ತಾರೆ, ಕಾರಿನಲ್ಲಿ ಕರೆದುಕೊಂಡು ಹೋಗಲು ಒಬ್ಬರು ಸಿಗುತ್ತಾರೆ. ಬೆರಳಿನ ಪರೀಕ್ಷೆ ವರ್ಷಕ್ಕೊಮ್ಮೆ. ಮೊದಲ ಒಂದು ವರ್ಷದೊಳಗೆ ಎಂಆರ್‌ಐ ಸಮೇತ ಮರುಬಯಾಪ್ಸಿ, ಮೊದಲ ಸಲ ಸೂಜಿಗೆ ಸಿಗದೆ ಹೋದದ್ದೇನಾದರೂ ಇದೆಯೇ ಎಂದು ನೋಡಲು. ಆಮೇಲೆ ಸುಮಾರು ಮೂರು ವರ್ಷಕ್ಕೊಮ್ಮೆ.

ಪಿಎಸ್‌ಎ 6.4 ಇದ್ದದ್ದು 7.1 ಆದರೆ ಆಪರೇಷನ್ ಅಲ್ಲ, ಮತ್ತೊಮ್ಮೆ ಟೆಸ್ಟು. ಏರುತ್ತಲೇ ಹೋಗಿ ಮೂರು ವರ್ಷದೊಳಗೆ ದುಪ್ಪಟ್ಟಾಗುವ ಲಕ್ಷಣ ಕಂಡರೆ ಎಂಆರ್‌ಐ. ಬಯಾಪ್ಸಿಯಲ್ಲಿ ಗ್ರೇಡ್ ಏರಿದರೆ ಚಿಕಿತ್ಸೆ. ವಯಸ್ಸು 75–80 ದಾಟಿ, ಹೃದಯ, ಕಿಡ್ನಿ ಸೋತು, ಇನ್ನು ಹತ್ತು ವರ್ಷದ ಆಯುಸ್ಸಿನ ಭರವಸೆ ಇಲ್ಲದವರಿಗೆ ಈ ಪದೇಪದೇ ಸೂಜಿಯೂ ಬೇಡ. ಲಕ್ಷಣ ಬಂದರೆ ಹಾರ್ಮೋನ್ ಚಿಕಿತ್ಸೆ ಇದೆ.

ಹೆಜ್ಜೆ 9: ಚಿಕಿತ್ಸೆಯ ನಂತರದ ಪಿಎಸ್‌ಎ

ಆಪರೇಷನ್ ಆಗಿ ಗ್ರಂಥಿಯನ್ನೇ ತೆಗೆದ ಮೇಲೆ ಪಿಎಸ್‌ಎ ಆರೆಂಟು ವಾರದಲ್ಲಿ ಸೊನ್ನೆಗೆ ಹತ್ತಿರ ಬರಬೇಕು, 0.1ಕ್ಕಿಂತ ಕೆಳಗೆ. ಎರಡು ಸಲ 0.2 ಅಥವಾ ಹೆಚ್ಚು ಬಂದರೆ ಕಾಯಿಲೆ ಮರಳಿದೆ ಎಂದು ಲೆಕ್ಕ. ‘4ರೊಳಗೆ ನಾರ್ಮಲ್’ ಎಂದು ಲ್ಯಾಬಿನವರು ಹಸಿರು ಗುರುತು ಹಾಕಿದ್ದನ್ನು ನೋಡಿ ಸುಮ್ಮನಿರಬೇಡಿ, ಆ ಗಡಿ ಗ್ರಂಥಿ ಇರುವವರಿಗೆ. ರೇಡಿಯೇಷನ್ ಆದವರಲ್ಲಿ ಪಿಎಸ್‌ಎ ನಿಧಾನಕ್ಕೆ, ಒಂದೆರಡು ವರ್ಷ ಇಳಿಯುತ್ತದೆ, ನಡುವೆ ಒಮ್ಮೆ ಸುಮ್ಮನೆ ಏರಿ ಇಳಿಯುವುದೂ ಉಂಟು. ಕಂಡ ಅತಿ ಕಡಿಮೆ ಅಂಕಿಗಿಂತ 2 ಹೆಚ್ಚಾದರೆ ಮಾತ್ರ ಮರಳಿದೆ ಎನ್ನುತ್ತಾರೆ. ಕೆಳಗಿಳಿದು 0.5ಕ್ಕೆ ಬಂದವರಿಗೆ ಆ ಗಡಿ 2.5.

ದಾರಿ, ದುಡ್ಡು, ಫೈಲು

ಪಿಎಸ್‌ಎ, ಬೆರಳಿನ ಪರೀಕ್ಷೆ, ಮೊದಲ ಸಲಹೆಗೆ ಶಿವಮೊಗ್ಗವೇ ಸಾಕು. ಮೆಗ್ಗಾನ್ ಆಸ್ಪತ್ರೆ ಇದೆ, ಖಾಸಗಿ ಮೂತ್ರರೋಗ ತಜ್ಞರೂ ಇದ್ದಾರೆ. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿಯವರಿಗೆ ದೊಡ್ಡ ಚಿಕಿತ್ಸೆಗೆ ಬೆಂಗಳೂರಿಗಿಂತ ಮಣಿಪಾಲ ಹತ್ತಿರ. ಸಾಗರದವರು ತಾಳಗುಪ್ಪದ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಬೆಂಗಳೂರು, ಕಿದ್ವಾಯಿ ಸರಕಾರಿ ಸಂಸ್ಥೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಉಳಿದವರಿಗೆ ಪ್ಯಾಕೇಜಿನ ಶೇ. 30, ಗರಿಷ್ಠ ಒಂದೂವರೆ ಲಕ್ಷ. ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ನೋಂದಣಿ ಆಗಿದೆಯೇ ನೋಡಿಕೊಳ್ಳಿ. ಇವೆಲ್ಲ ಮುಖ್ಯವಾಗಿ ದಾಖಲಾಗಿ ಪಡೆಯುವ ಚಿಕಿತ್ಸೆಗೆ, ಹೊರರೋಗಿಯಾಗಿ ಮಾಡಿಸುವ ಎಂಆರ್‌ಐಗೆ ಕೈಯಿಂದ ಹಾಕುವ ತಯಾರಿ ಇರಲಿ. ಯೋಜನೆಯ ಅಡಿಯಲ್ಲಿ ದೊಡ್ಡ ಆಸ್ಪತ್ರೆಗೆ ಹೋಗುವುದಿದ್ದರೆ ಸರಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕೇ ಎಂದು ಹೊರಡುವ ಮೊದಲೇ ವಿಚಾರಿಸಿ.

ಫೈಲಿನ ಮೊದಲ ಪುಟದಲ್ಲಿ ಕೈಬರಹದಲ್ಲಿ ನಾಲ್ಕು ಕಾಲಂ ಹಾಕಿ: ದಿನಾಂಕ, ಪಿಎಸ್‌ಎ, ಲ್ಯಾಬ್, ಆಗ ನುಂಗುತ್ತಿದ್ದ ಮಾತ್ರೆ. ಐದು ನಿಮಿಷದಲ್ಲಿ ರೋಗಿಯನ್ನು ನೋಡಿ ಮುಗಿಸಬೇಕಾದ ಡಾಕ್ಟರು ಮೊದಲು ಕಣ್ಣು ಹಾಯಿಸುವುದು ಆ ಪುಟಕ್ಕೆ.

ಕಾಯಿಲೆ ಖಚಿತವಾದ ಮೇಲೆ ತಮ್ಮಂದಿರಿಗೆ, ಗಂಡುಮಕ್ಕಳಿಗೆ ಮುಚ್ಚಿಡದೆ ಹೇಳಿ, ಅವರ ಲೆಕ್ಕ 45ಕ್ಕೆ ಶುರುವಾಗುತ್ತದೆ. ಮನೆತನದಲ್ಲಿ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಆದವರೂ ಇದ್ದರೆ ಹೆಣ್ಣುಮಕ್ಕಳಿಗೂ ಹೇಳಬೇಕು. ಬಿಆರ್‌ಸಿಎ ದೋಷ ಅಪ್ಪನಿಂದ ಮಗಳಿಗೂ ಅಷ್ಟೇ ಸಲೀಸಾಗಿ ಬರುತ್ತದೆ.